ಮೈಯೊಳಗಿನ ಪಡೆ

ಬರಿಗೈಯಲ್ಲಿ ಕಸ ಎತ್ತುವಾಗ ಗಾಜು ಕೊಯ್ದು, ಪೌರಕಾರ್ಮಿಕೆ ನರಸಕ್ಕನಿಗೆ ಕಂಕುಳಲ್ಲಿ ಗಂಟು ಎದ್ದಿತ್ತು. ವಾರ್ಡ್ ಆಫೀಸಿನ ಆರೋಗ್ಯ ಶಿಬಿರದಲ್ಲಿ ಡಾಕ್ಟರಮ್ಮ ಅದನ್ನು ಒತ್ತಿದ್ದೇ ತಡ, ನರಸಕ್ಕ ಕಚಗುಳಿಯಾಗಿ ಕಿಲಕಿಲ ನಕ್ಕಳು. ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೂ ನಗು ಹತ್ತಿಕೊಂಡಿತು.

“ಹೆದರ್ಬೇಡಿ ನರಸಕ್ಕ. ಗಾಯದಿಂದ ನುಗ್ಗಿದ ರೋಗಾಣುಗಳನ್ನ ಬಿಳಿ ರಕ್ತಕಣಗಳು ಇಲ್ಲೇ ಅಡ್ಡಗಟ್ಟಿ ಹೊಡೀತಿವೆ, ಅದಕ್ಕೇ ಊದಿದೆ. ಮಾತ್ರೆ ಕೊಡ್ತೀನಿ. ಇನ್ಮೇಲೆ ಗ್ಲೌಸಿಲ್ಲದೆ ಕಸ ಮುಟ್ಬೇಡಿ.”

“ಗ್ಲೌಸು ಎರಡು ವರ್ಷದಿಂದ ಸ್ಟಾಕೇ ಇಲ್ಲ ಮೇಡಂ,” ಅವರ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನಡುವೆ ಬಾಯಿ ಹಾಕಿದ. “ಇವ್ರಿಗ್ಯಾಕೆ ಅದು? ದಿನಾ ಕಸದಲ್ಲಿ ಕೈಯಾಡ್ಸಿ ಮೈಯೊಳಗೆ ದೊಡ್ಡ ಪಡೆನೇ ಕಟ್ಕೊಂಡವ್ರೆ!”

“ನಿಮ್ಮ ಮೈಯಾಗೆ ಪಡೆ ಇಲ್ವಾ ಮೇಸ್ತ್ರಿ?” ನರಸಕ್ಕ ಕೇಳಿದಳು.

“ಇಲ್ದೆ ಏನು? ಹುಲಿ ಪಡೆ!”

“ಹಂಗಾದ್ರೆ ಕೈ ಕುಲುಕಿ ಸಾಮಿ. ಎರಡೂ ಪಡೆಗೆ ಪರಿಚಯ ಆಗ್ಲಿ.”

ನರಸಕ್ಕ ಚರಂಡಿ ಕೆಸರು ಮೆತ್ತಿದ್ದ ಇನ್ನೊಂದು ಕೈ ಚಾಚಿದಳು. ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮನೂ ನಗುತ್ತ ಮೇಸ್ತ್ರಿಯನ್ನೇ ನೋಡಿದರು.

ಮೇಸ್ತ್ರಿ ಬೆವರೊರೆಸಿಕೊಂಡು, ಬೆನ್ನ ಹಿಂದಿನ ಬೀರುವಿನ ಬೀಗ ತೆಗೆದು, ಒಳಗಿದ್ದ ಗ್ಲೌಸಿನ ರಾಶಿಯಿಂದ ಒಂದು ಜೊತೆ ಎಳೆದು ತೊಟ್ಟುಕೊಂಡು, ಧೈರ್ಯವಾಗಿ ಕೈ ನೀಡಿದ.