ಬಸ್ಸಿನ ವಿಚಾರಣೆ

“ಊರು ಬಿಟ್ಟು ಓಡಿ ಬಂದ ತಿರುಪೆ ನನ್ಮಗನೇ, ನೀನು ನಮಗೆ ಬಸ್ಸಿನ ಪಾಠ ಹೇಳ್ತೀಯಾ? ಮುಚ್ಕೊಂಡು ಕೂತ್ಕೊಳ್ಳೋ!”

ಬಸ್ಸಿನಲ್ಲಿದ್ದ ನಲವತ್ತು ಜನರ ಮುಂದೆ, ಕಟ್ಟಿಕೊಂಡ ಹೆಂಡತಿಯ ಮುಂದೆ, ಮೆಕ್ಯಾನಿಕ್‌ಗೆ ಗಡಿಪಾರಿನ ಸಾಹೇಬರು ಉಗಿದರು. ಅವನು ಮಾಡಿದ ತಪ್ಪು ಇಷ್ಟೇ. ಡ್ರೈವರ್ ಇಂಜಿನ್ ಚಾಲೂ ಮಾಡಿ ಬ್ರೇಕ್ ಒತ್ತಿದಾಗ ಕೆಳಗೆಲ್ಲೋ ಬುಸ್ ಅಂದಿತು. ಇವನ ಕಿವಿ ನಿಮಿರಿತು, ಬಾಯಿ ತಡೆಯಲಿಲ್ಲ. “ಸಾರ್, ಗಾಳಿ ಸೋರ್ತಿದೆ. ಇಳಿಜಾರಲ್ಲಿ ಬ್ರೇಕ್ ಹಿಡಿಯಲ್ಲ” ಅಂದುಬಿಟ್ಟಿದ್ದ. ಇಪ್ಪತ್ತು ವರ್ಷ ಗಾಡಿಗಳ ಅಡಿಯಲ್ಲಿ ಮಲಗಿದವನ ಚಟ. ತನ್ನನ್ನೇ ಗಡಿಯಾಚೆ ಎಸೆದು ಬರಲು ನಿಂತ ಗಾಡಿಯ ಕಾಯಿಲೆಯನ್ನೂ ಹೇಳದೆ ಇರಲಾರದ ಚಟ.

ಬೆಳಿಗ್ಗೆ ಹತ್ತಿಸುವಾಗಲೂ ಒಮ್ಮೆ ಬಾಯಿ ಬಿಟ್ಟಿದ್ದ. “ಸಾರ್, ಇಲ್ಲೇ ಆಶ್ರಯ ಕೊಡಿ ಅಂತ ಹಾಕಿದ ನನ್ನ ಅರ್ಜಿ ವಿಚಾರಣೆ ಇವತ್ತೇ ಮೂರು ಗಂಟೆಗೆ. ಇದೇ ಎದುರಿನ ಕೋರ್ಟ್ ಕಟ್ಟಡ, ಎರಡನೇ ಮಹಡಿ. ಅದೊಂದು ಮುಗೀಲಿ, ಆಮೇಲೆ ಬೇಕಾದ್ರೆ ಹತ್ತಿಸಿ.” ಸಾಹೇಬರು ನಕ್ಕಿದ್ದರು. “ಲಿಸ್ಟಲ್ಲಿ ಹೆಸರಿದೆ, ಸಹಿ ಬಿದ್ದಿದೆ. ನಿನ್ನ ಕಥೆ ಕೇಳ್ತಾ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ.” ಕಥೆಯೇನು ಮಹಾ ದೊಡ್ಡದಲ್ಲ. ಗಡಿಯಾಚೆ ಇವನ ಅಣ್ಣನನ್ನು ಗ್ಯಾರೇಜಿನಲ್ಲೇ ಕೊಂದವರು, ಮುಂದಿನ ಸರದಿ ತಮ್ಮನದು ಅಂತ ಷಟರ್ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಹೋಗಿದ್ದರು. ಆ ಷಟರಿನ ಫೋಟೋ ಇವನ ಅಂಗಿ ಜೇಬಿನಲ್ಲಿತ್ತು. ಜಡ್ಜ್ ಕೇಳಿದರೆ ತೋರಿಸೋಣ ಅಂತ.

ಡ್ರೈವರ್ ಇಳಿದು ಬ್ರೇಕಿನ ಪೈಪಿಗೆ ಸೋಪಿನ ನೀರು ಸುರಿದ. ಗುಳ್ಳೆ ಗುಳ್ಳೆಯಾಗಿ ಎದ್ದಿತು. “ಅವನು ಹೇಳಿದ್ದು ನಿಜ ಸಾರ್. ನಾನಂತೂ ಇದನ್ನ ತಗೊಂಡು ಹೋಗಲ್ಲ. ನನಗೂ ಮಕ್ಕಳಿದಾವೆ.”

ವಾಹನ ತಪಾಸಣೆಯ ಇನ್ಸ್‌ಪೆಕ್ಟರು ಹತ್ತೇ ನಿಮಿಷದಲ್ಲಿ ಬಂದರು. ಆಹಾ, ನ್ಯಾಯ ಅಂದರೆ ಅದು! ಬಸ್ಸಿಗೆ ಮೂರು ಪುಟದ ಫಾರಂ. ಒಂದೊಂದು ಚಕ್ರಕ್ಕೂ ಒಂದೊಂದು ಕಾಲಂ. ಎಡಗಡೆ ಕನ್ನಡಿಯ ಅಹವಾಲನ್ನೂ ಬಿಡದೆ ಕೇಳಿದರು. ಡ್ರೈವರನ ಹೇಳಿಕೆ, ಅದರ ಕೆಳಗೆ ಸಹಿ, ಸಹಿಗೊಬ್ಬ ಸಾಕ್ಷಿ. “ಹೇಗಾದ್ರೂ ಮಾಡಿ ಕಳಿಸಿಬಿಡಿ ಸಾರ್” ಅಂತ ಸಾಹೇಬರು ಹಲ್ಲುಗಿಂಜಿದರೆ, “ಹಾಗೆಲ್ಲ ಆಗಲ್ಲ ರೀ, ಕಾನೂನು ಅಂತ ಒಂದಿದೆ. ವಿಚಾರಿಸದೆ ಗಡಿಗೆ ಅಟ್ಟೋಕಾಗುತ್ತಾ?” ಅಂದರು. ಬಸ್ಸನ್ನ. ದೋಷ ತಿದ್ದಿಕೊಳ್ಳಲು ಬಸ್ಸಿಗೆ ಏಳು ದಿನದ ಗಡುವು. ತೀರ್ಮಾನ ಸರಿ ಕಾಣದಿದ್ದರೆ ಬಸ್ಸಿನ ಕಡೆಯವರು ಮೇಲಿನವರಿಗೆ ಅರ್ಜಿ ಹಾಕಿಕೊಳ್ಳಬಹುದು.

“ರೀ, ಎರಡು ಗಂಟೆ ಆಯ್ತು. ಇನ್ನೊಂದು ಗಂಟೆ ಇದು ಹೀಗೇ ಕೆಟ್ಟು ನಿಂತ್ರೆ, ನಿಮ್ಮನ್ನ ಅಲ್ಲಿಗೆ ಕರೀತಾರೆ ಅಲ್ವಾ?” ಅಂದಳು ಹೆಂಡತಿ.

“ಸುಮ್ನಿರೇ, ನೋಡೋಣ.” ಅವನ ಕಣ್ಣು ಎರಡನೇ ಮಹಡಿಯ ಕಿಟಕಿಯಲ್ಲೇ ನೆಟ್ಟಿತ್ತು.

ಎರಡೂವರೆಗೆ ಬೇರೆ ಬಸ್ಸು ಬಂತು. ಕಾಗದಪತ್ರವೆಲ್ಲ ಸರಿಯಿದ್ದ ಪುಣ್ಯವಂತ ಬಸ್ಸು. ಜನರನ್ನು ಮೂಟೆಗಳ ಹಾಗೆ ಇಳಿಸಿ ಮೂಟೆಗಳ ಹಾಗೆ ಹತ್ತಿಸಿದರು. ಹೆಂಡತಿ ಹತ್ತಿದಳು. ಅವಳ ಹಿಂದೆ ಮೆಕ್ಯಾನಿಕ್ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಇನ್ಸ್‌ಪೆಕ್ಟರು ಕೂಗಿದರು. “ಏ, ಅವರನ್ನ ನಿಲ್ಲಿಸ್ರೀ! ಹಾಗೇ ಕಳಿಸೋ ಹಾಗಿಲ್ಲ. ಅವರ ಹೇಳಿಕೆ ತಗೋಬೇಕು.”

ಮೆಕ್ಯಾನಿಕ್ ಮೆಟ್ಟಿಲಿಂದ ಕಾಲು ತೆಗೆದ. ಕಿಟಕಿಯಲ್ಲಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಟೆ ಎರಡೂ ಐವತ್ತು.

ಯಾರೋ ಕುರ್ಚಿ ತಂದು ಹಾಕಿದರು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು ಫಾರಂನ ಕೊನೆಯ ಪುಟ ತಿರುವಿದರು. “ಬ್ರೇಕಿನ ದೋಷ ಮೊದಲು ಕಂಡವರು ನೀವೇ ತಾನೇ? ಕೂತ್ಕೊಳ್ಳಿ. ಮೊದಲಿಂದ ಹೇಳಿ, ಏನೂ ಅವಸರ ಇಲ್ಲ. ನಿಮ್ಮ ಮಾತು ಕೇಳದೆ ಆ ಬಸ್ಸಿನ ವಿಷಯದಲ್ಲಿ ನಾವು ಏನೂ ತೀರ್ಮಾನ ಮಾಡೋ ಹಾಗಿಲ್ಲ. ಸಾಕ್ಷಿ, ಫೋಟೋ ಏನಾದ್ರೂ ಇದ್ರೆ ಕೊಡಿ.”

ಮೆಕ್ಯಾನಿಕ್ ಜೇಬು ಮುಟ್ಟಿಕೊಂಡ. ಖಾಲಿ ಕುರ್ಚಿಯನ್ನು ಒಂದು ಸಲ ನೋಡಿದ, ಎದುರಿನ ಕಟ್ಟಡವನ್ನು ಒಂದು ಸಲ ನೋಡಿದ.

“ನೋಡಿದ್ರಾ ಸಾರ್?” ಅಂದರು ಸಾಹೇಬರು. “ಇಷ್ಟು ಮರ್ಯಾದೆ ಕೊಟ್ಟು ಕೇಳಿದ್ರೂ ಬಾಯಿ ಬಿಡಲ್ಲ. ಇಂಥವರಿಗೆ ವಿಚಾರಣೆ ಬೇರೆ ಕೇಡು!”

ಮೆಕ್ಯಾನಿಕ್ ಅಷ್ಟರಲ್ಲಾಗಲೇ ಬೆನ್ನು ತಿರುಗಿಸಿ, ಹೆಂಡತಿ ಕೂತಿದ್ದ ಬಸ್ಸಿನ ಕಡೆ ನಡೆದಿದ್ದ.