ಹೊಸಬರ ಕ್ಯಾಮೆರಾ

"ಇದಲ್ಲ, ಆ ದೊಡ್ಡದು ಕೊಡಿ," ಎಂದು ಅಪ್ಪ ಗಾಜಿನ ಬೀರುವಿನ ಮೇಲಿನ ಸಾಲನ್ನು ಗದ್ದದಲ್ಲೇ ತೋರಿಸಿದರು. ಪಕ್ಕದಲ್ಲಿ ನಿಂತಿದ್ದ ಮಗಳು ಅಂಗಡಿಯವರ ಮುಖ ನೋಡಿದಳು. ಆ ಸಾಲಿನಿಂದ ಏನನ್ನೂ ಇಳಿಸಬೇಡಿ ಎಂದು ಅಂಗಡಿಯವರಿಗೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳಿಕೊಂಡಿದ್ದಳು. ಆದರೆ ಮೂವತ್ತೈದು ವರ್ಷ ಫೋಟೋ ಸ್ಟುಡಿಯೊ ನಡೆಸಿದ ಮನುಷ್ಯ ಬಾಯಿಬಿಟ್ಟು ಕೇಳಿದರೆ ಯಾವ ಅಂಗಡಿಯವರು ತಾನೇ ಇಲ್ಲ ಎಂದಾರು? ಕ್ಯಾಮೆರಾ ಕೆಳಗಿಳಿಯಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಬೇಕಾದವರು ಅಪ್ಪ, ನೆಲ ಡೊಂಕು ಎಂದವಳು ಮಗಳು. ಸ್ಟುಡಿಯೊ ಮುಚ್ಚಿದ ಮೇಲೂ ಅಪ್ಪ ಬಿಡದೆ ಉಳಿಸಿಕೊಂಡಿದ್ದ ಕೆಲಸ ಒಂದೇ, ಶಿಶುವಿಹಾರದ ಮಕ್ಕಳ ವರ್ಷದ ಫೋಟೋ. ಸ್ಟ್ಯಾಂಡು ಇಟ್ಟರೆ ಮಕ್ಕಳೂ ಸ್ಟ್ಯಾಂಡಿನ ಹಾಗೆ ನಿಂತುಬಿಡುತ್ತವೆ ಎಂದು, ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ, ನಗಿಸಿ, ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆಯುತ್ತಿದ್ದರು. ಕಳೆದ ಸಲ ಎಂಬತ್ತರಲ್ಲಿ ಅರವತ್ತು ಫೋಟೋ ಮಸುಕಾಗಿದ್ದವು. ಅವರ ಸಪ್ಪೆ ಮುಖ ನೋಡಲಾರದೆ ಮಗಳು, ಕ್ಯಾಮೆರಾ ಹಳೆಯದಾಯಿತು, ಹೊಸದು ತಗೊಳ್ಳೋಣ ಎಂದುಬಿಟ್ಟಳು.

ಆಮೇಲೊಂದು ದಿನ ನೀರಿನ ಲೋಟ ಎತ್ತುವಾಗ ಅವರ ಬಲಗೈ ನಡುಗಿದ್ದು ಕಂಡು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಅಪ್ಪನನ್ನು ರಕ್ತ ಪರೀಕ್ಷೆಗೆ ಕಳಿಸಿ, ಈ ನಡುಕ ವಾಸಿಯಾಗುವಂಥದ್ದಲ್ಲ, ಬರಬರುತ್ತಾ ಹೆಚ್ಚುತ್ತದೆ ಎಂದು ಅವಳೊಬ್ಬಳಿಗೇ ಹೇಳಿದರು. ಅವಳು ಅಪ್ಪನಿಗೆ ಹೇಳಿದ್ದು ಬೇರೆ: ನಿಶ್ಶಕ್ತಿ ಅಷ್ಟೆ, ಮಾತ್ರೆಗೆ ಹೋಗುತ್ತೆ. ಅದಾಗಿ ನಾಲ್ಕು ದಿನ. ಬರುವ ಶನಿವಾರ ಮತ್ತೆ ಮಕ್ಕಳ ಫೋಟೋ ಇತ್ತು. ಈ ಸಲವೂ ಹಾಗಾದರೆ ಬೇರೆಯವರನ್ನು ಕರೆಯಬೇಕಾಗುತ್ತದೆ ಎಂದು ಶಿಶುವಿಹಾರದ ದೊಡ್ಡ ಟೀಚರು ಅವಳ ಕಿವಿಗೆ ಹಾಕಿದ್ದರು. ಆ ಕೆಲಸವೂ ಹೋದರೆ ಅಪ್ಪ ಹಾಸಿಗೆ ಹಿಡಿಯುತ್ತಾರೆ ಎಂಬುದೇ ಅವಳ ಭಯ.

ಅಂಗಡಿಯವರದೊಂದು ರೂಢಿಯಿತ್ತು. ಕೊಳ್ಳಲು ಯಾರೇ ಬರಲಿ, ಮೊದಲು ಎದುರುಗೋಡೆಯ ಕ್ಯಾಲೆಂಡರಿನದೊಂದು ಫೋಟೋ ತೆಗೆಸುತ್ತಿದ್ದರು. ಗಿರಾಕಿ ಕ್ಯಾಲೆಂಡರು ನೋಡುವಾಗ ಇವರು ಗಿರಾಕಿಯ ಕೈ ನೋಡುತ್ತಿದ್ದರು. ಕಲಿತವರೋ, ಕಲಿಯುವವರೋ, ತೋರಿಕೆಗೆ ಕೊಳ್ಳುವವರೋ, ಅಷ್ಟರಲ್ಲೇ ತಿಳಿಯುತ್ತಿತ್ತು. ಈ ಪರೀಕ್ಷೆಯ ವಿಷಯ ಮಗಳಿಗೆ ಗೊತ್ತಿರಲಿಲ್ಲ. ಅಪ್ಪ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು ಗುಂಡಿ ಒತ್ತಿದರು. ಪರದೆಯ ಮೇಲೆ ತಾರೀಕುಗಳೆಲ್ಲ ಒಂದಕ್ಕೆರಡಾಗಿ ಮೂಡಿದವು.

"ಇದರದ್ದೂ ಫೋಕಸ್ ಸರಿಯಿಲ್ವಲ್ಲ," ಎಂದರು ಅಪ್ಪ.

ಅಂಗಡಿಯವರು ಏನೋ ಹೇಳಲು ಹೊರಟರು. ಮಗಳು ಅವಸರದಲ್ಲಿ ನಡುವೆ ಬಾಯಿ ಹಾಕಿ, ಇಲ್ಲಿ ಬೆಳಕು ಸಾಲದು ಎಂದಳು. ತಲೆಯ ಮೇಲೆ ಆರು ಟ್ಯೂಬ್‌ಲೈಟು ಉರಿಯುತ್ತಿದ್ದವು. ಅಪ್ಪ ಒಮ್ಮೆ ಅವುಗಳತ್ತ ನೋಡಿ ಕ್ಯಾಮೆರಾ ಕೆಳಗಿಟ್ಟರು.

ಅಂಗಡಿಯವರು ಕೆಳಗಿನ ಸಾಲಿನಿಂದ, ಮಗಳು ಫೋನಿನಲ್ಲೇ ಹೇಳಿಟ್ಟಿದ್ದ ಚಿಕ್ಕದೊಂದನ್ನು ತಂದಿಟ್ಟರು. ಅದರ ಡಬ್ಬಿಯ ಮೇಲೆ 'ಹೊಸದಾಗಿ ಕಲಿಯುವವರಿಗೆ' ಎಂದು ಕೆಂಪು ಚೀಟಿ ಅಂಟಿಸಿತ್ತು. ಅದನ್ನು ಕಿತ್ತಿಡಿ ಎಂದು ಹೇಳಲು ಮಗಳು ಮರೆತಿದ್ದಳು.

"ಈ ವಯಸ್ಸಲ್ಲಿ ನನ್ನ ಅ ಆ ಇ ಈ ತಿದ್ದೋಕೆ ಕೂರಿಸ್ತೀರಾ?"

"ಹಾಗಲ್ಲ ಸಾರ್. ಆ ದೊಡ್ಡದು ಹಿಡಿದೋರ ಕೈಯನ್ನ ನಂಬುತ್ತೆ. ಇದು ಯಾರ ಕೈಯನ್ನೂ ನಂಬಲ್ಲ. ಎಷ್ಟೇ ಅಲ್ಲಾಡಿದ್ರೂ ತಾನೇ ಸರಿ ಮಾಡ್ಕೊಳ್ಳುತ್ತೆ."

ಆಡಬಾರದ ಮಾತು ಆಡಿಯೇ ಆಯಿತು. ಅಂಗಡಿಯವರ ಬಾಯಿಗೆ ಬಟ್ಟೆ ತುರುಕಬೇಕು ಎನ್ನುವಷ್ಟು ಸಿಟ್ಟು ಬಂತು ಮಗಳಿಗೆ. ಅಪ್ಪ ಈಗ ಹೊರಟುಬಿಟ್ಟರೆ ಶನಿವಾರ ಆ ಹಳೆಯ ಕ್ಯಾಮೆರಾವನ್ನೇ ಹೊತ್ತುಕೊಂಡು ಹೋಗುತ್ತಾರೆ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಅಪ್ಪ ಹೊರಡಲಿಲ್ಲ. ಚಿಕ್ಕ ಕ್ಯಾಮೆರಾವನ್ನು ಎತ್ತಿಕೊಂಡು, ಕ್ಯಾಲೆಂಡರನ್ನು ಬಿಟ್ಟು ಮಗಳ ಕಡೆ ತಿರುಗಿದರು.

"ಅಲ್ಲಾಡ್ಬೇಡ," ಎಂದರು ಅವಳಿಗೆ.

ಫೋಟೋ ಬಂತು. ರೆಪ್ಪೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟ. ನೋಡಿದ್ರಾ ಸಾರ್ ಎಂದು ಅಂಗಡಿಯವರು ಗೆದ್ದವರಂತೆ ನಕ್ಕರು. ಮಗಳಿಗೆ ಹೋದ ಜೀವ ಬಂದಂತಾಯಿತು. ಶನಿವಾರದ ಕಂಟಕ ದಾಟಿತು ಎಂದುಕೊಂಡಳು. ಅಪ್ಪ ಮಾತ್ರ ನಗಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಇದೇ ಇರಲಿ, ಬಿಲ್ ಬರೆಯಿರಿ ಎಂದು ಅಂಗಡಿಯವರನ್ನು ಆಚೆ ಕಳಿಸಿದರು.

"ಸಾವಿರಾರು ಮುಖ ತೆಗೆದಿದೀನಿ. ಇಷ್ಟು ಹೆದರಿದ್ದು ಯಾವುದೂ ಇಲ್ಲ," ಎಂದರು, ದನಿ ಇಳಿಸಿ. "ಡಾಕ್ಟರು ಏನಂದ್ರು?"

"ಹೇಳಿದ್ನಲ್ಲಪ್ಪ, ನಿಶ್ಶಕ್ತಿ ಅಂತ."

ಅಪ್ಪ ಪರದೆಯನ್ನು ಅವಳತ್ತ ತಿರುಗಿಸಿದರು. ಅದರ ತುಂಬ ಅವಳ ಎರಡು ಕಣ್ಣುಗಳೇ ಇದ್ದವು.

"ಕೈ ನಂದು ಕಣಮ್ಮ. ಅದರ ಸುದ್ದಿ ನಿನ್ನ ಹತ್ರ ಯಾಕಿರ್ಬೇಕು?"