ರುಚಿ ಕೇಳಿದ ಗಿರಾಕಿ

"ಸಿಹಿಯಾಗಿದೆಯೇನಮ್ಮಾ ಇದು?" ಎಂದು ಗಿರಾಕಿ ಹೆಂಗಸು ಒಂದು ಬೀಟ್‌ರೂಟನ್ನು ಎತ್ತಿ ಹಿಡಿದು ಕೇಳಿದಾಗ, ಮಾರುಕಟ್ಟೆಯಲ್ಲಿ ತರಕಾರಿ ಮಾರಲು ಕೂತಿದ್ದ ಮನೆಯ ಕಿರಿಯ ಸೊಸೆ ತಬ್ಬಿಬ್ಬಾದಳು. ಬಿತ್ತಿದವಳು, ನೀರು ಹಾಯಿಸಿದವಳು, ಕಿತ್ತು ತೊಳೆದವಳು ಅವಳೇ. ಆದರೆ ರುಚಿ ಗೊತ್ತಿರಲಿಲ್ಲ.

ಊರ ಪಕ್ಕದ ತೊರೆಗೆ ಸಣ್ಣದೊಂದು ಪಂಪು ಕೂರಿಸಿ ಪೈಪು ಎಳೆದ ಮೇಲೆ, ಬೇಸಿಗೆಯಲ್ಲಿ ಬರಿದಾಗಿರುತ್ತಿದ್ದ ಹೊಲದಲ್ಲೂ ಬೆಳೆ ಬರುತ್ತಿತ್ತು. ಆ ದುಡ್ಡಿನಿಂದ ಮನೆಗೆ ಹೊಸ ಹೆಂಚಿನ ಮಾಡು ಬಂತು, ಮಕ್ಕಳ ಕಾಲಿಗೆ ಚಪ್ಪಲಿ ಬಂತು. ತಟ್ಟೆಯಲ್ಲಿ ಮಾತ್ರ ಅದೇ ಅನ್ನ, ಅದೇ ಬೇಳೆ. ತರಕಾರಿಯೆಲ್ಲ ಹೊಲದಿಂದ ನೇರವಾಗಿ ಮಾರುಕಟ್ಟೆಗೆ.

"ಸಿಹಿ ಅಂತ ಹೇಳ್ಬಿಡೇ," ಪಕ್ಕದಲ್ಲಿ ಕೂತಿದ್ದ ಹಿರಿಯ ಓರಗಿತ್ತಿ ಪಿಸುಗುಟ್ಟಿದಳು.

"ತಿಂದೇ ಇಲ್ವಲ್ಲ ಅಕ್ಕಾ, ಹೇಗೆ ಹೇಳ್ಲಿ?" ಎಂದವಳೇ ಚಾಕು ತೆಗೆದು ಒಂದನ್ನು ಸೀಳಿ, ಸಿಪ್ಪೆ ಹೆರೆದು, ಒಂದು ಹೋಳನ್ನು ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ಮಾರೋ ಮಾಲು ಕಣೇ!"

"ಮೊದ್ಲು ಮಣ್ಣಿನ ವಾಸನೆ. ಆಮೇಲೆ... ತಡಿ ತಡಿ, ಆಮೇಲೆ ಸಿಹಿ! ನೀನೂ ತಿಂದು ನೋಡಕ್ಕಾ."

ಹಿರಿಯಳು ಗೊಣಗುತ್ತಲೇ ಒಂದು ಹೋಳು ಅಗಿದಳು. ಗೊಣಗಾಟ ಅರ್ಧಕ್ಕೇ ನಿಂತಿತು. ಕೆಂಪಾದ ಬೆರಳುಗಳನ್ನು ನೋಡಿಕೊಳ್ಳುತ್ತಾ ಇನ್ನೊಂದು ಹೋಳಿಗೆ ಕೈಯೊಡ್ಡಿದಳು. ನಗುತ್ತಾ ನೋಡುತ್ತಿದ್ದ ಗಿರಾಕಿ ತುಂಬಿದ ಬುಟ್ಟಿಯತ್ತ ಬೆರಳು ತೋರಿ, "ಅದರಲ್ಲಿ ಎರಡು ಕಿಲೋ ಹಾಕಿ," ಎಂದಳು.

"ಈ ರಾಶಿಯಿಂದ ತಗೊಳ್ಳಮ್ಮಾ," ಎಂದ ಹಿರಿಯಳು ಆ ಬುಟ್ಟಿಯನ್ನು ಎಳೆದು ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. "ಅದು ನಮ್ಮನೆಗೆ."